ರಶಿಯಾದ ಭೀಮಪ್ಪನಿಗೆ ಹುಕ್ಕೇರಿಯಲ್ಲಿ ಮದುವೆ

ಓದುವ ವಿಷಯದಲ್ಲಿ ನನಗೆ ಯಾರ ಭಯವೂ ಇರಲಿಲ್ಲ. ಹುಕ್ಕೇರಿಯ ಮಾಮಲೇದಾರ ಕಚೇರಿಯಲ್ಲಿ ನಾನು ಕಾರಕೂನ. ಬೆಳಗಿನಿಂದ ಸಂಜೆಯವರೆಗೆ ಓದುವುದೇ ನನ್ನ ಕೆಲಸ. ಅರ್ಜಿ ಓದಿದ್ದೇನೆ, ತಕರಾರು ಓದಿದ್ದೇನೆ, ಬದುವಿನ ಮೇಲಿನ ಒಂದು ಬೇವಿನ ಗಿಡಕ್ಕಾಗಿ ಅಣ್ಣತಮ್ಮಂದಿರು ಬರೆದುಕೊಟ್ಟ ನೂರು ಪುಟದ ಕೈಫಿಯತ್ತನ್ನು ಕೂತಲ್ಲೇ ಓದಿ, ಮೇಲಿನವರಿಗೆ ಒಂದು ಸಾಲಿನಲ್ಲಿ ಸಾರಾಂಶ ಒಪ್ಪಿಸಿದ್ದೇನೆ. ಮೆಟ್ರಿಕ್ಕಿನಲ್ಲಿ ಇಂಗ್ಲಿಷ್ ಪಾಸಾದದ್ದು ಬೇರೆ! ಇಂಥವನಿಗೆ ಒಂದು ಕಾದಂಬರಿ ಓದುವುದು ಎಷ್ಟರ ಮಾತು?

ಸರ್ವಿಸ್ ಮೋಟಾರುಗಳು ಹೊಸದಾಗಿ ಓಡತೊಡಗಿದ್ದ ಕಾಲ ಅದು. ಕಚೇರಿಯ ಕೆಲಸದ ಮೇಲೆ ಗೋಕಾಕಕ್ಕೆ ಹೋದವನು, ಪರಿಚಯದ ವಕೀಲರೊಬ್ಬರ ಮನೆಗೆ ಚಹಾ ಕುಡಿಯಲು ಹೋದೆ. ಅವರ ಗಾಜಿನ ಕಪಾಟಿನಲ್ಲಿ ಇಂಗ್ಲಿಷ್ ಪುಸ್ತಕಗಳು ಸಾಲಾಗಿ ನಿಂತಿದ್ದವು. ನಡುವೆ ಒಂದು ಮಾತ್ರ ಮಲಗಿತ್ತು. ಅದನ್ನು ನಿಲ್ಲಿಸಿದರೆ ಕಪಾಟಿನ ಬಾಗಿಲು ಮುಚ್ಚುವುದಿಲ್ಲವಂತೆ!

“ಅದೇನ್ರಿ, ಅಷ್ಟು ದಪ್ಪಂದು?” ಎಂದು ಕೇಳಿದೆ.

“ರಶಿಯಾ ದೇಶದ ಕಾದಂಬರಿ. ಇಂಗ್ಲೀಷಿಗೆ ತಂದಾರ. ಸಾವಿರದ ಮ್ಯಾಲ ಪುಟಾ ಅದಾವ. ಎಲ್ಲಾರ ಕೈಲೆ ಆಗೂದಲ್ಲ ಬಿಡ್ರಿ” ಎಂದರು ವಕೀಲರು.

ಈ ಕೊನೆಯ ಮಾತನ್ನು ಅವರು ಆಡಬಾರದಿತ್ತು.

“ಎಲ್ಲಾರ ಕೈಲೆ ಅಂದ್ರ?”

“ನಿಮಗಂತ ಅಲ್ರಿ ನಾ ಅಂದಿದ್ದು. ನಿಮಗ ಕಚೇರಿ ಐತಿ, ಮನಿ ಐತಿ, ಸಂಸಾರ ಐತಿ...”

“ತಗೀರಿ ಅದನ್ನ! ದೀಪಾವಳಿಯೊಳಗ ಓದಿ ಮುಗಿಸಿ ತಂದ ಕೊಡ್ತೇನಿ.”

ಪುಸ್ತಕದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಹುಡುಕಿಕೊಂಡು ಹೋಗಿ ಓದಲು ಕೂಡುತ್ತೀರಿ. ಆ ಪಾಪ ನನಗೆ ಬೇಡ.

ಮೋಟಾರಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಘಟಪ್ರಭಾ ದಾಟುವ ಹೊತ್ತಿಗೆ ಎಡಗಾಲು ಜುಮುಗುಟ್ಟತೊಡಗಿತು, ಬಲತೊಡೆಗೆ ಬದಲಿಸಿದೆ. ಹುಕ್ಕೇರಿಯಲ್ಲಿ ಇಳಿದಾಗ ಎರಡು ಕಾಲೂ ನನ್ನವಾಗಿರಲಿಲ್ಲ. ಕುಂಟುತ್ತ ಮನೆಗೆ ಬಂದ ನನ್ನನ್ನು ನೋಡಿ ನನ್ನ ಹೆಂಡತಿ ನೀಲವ್ವ, “ಏನಾತ್ರಿ, ಎಲ್ಲಿ ಬಿದ್ರಿ?” ಎಂದು ಓಡಿ ಬಂದಳು. “ಬಿದ್ದಿಲ್ಲ, ಸಾಹಿತ್ಯ ತಂದೇನಿ” ಎಂದೆ.

ಮರುದಿನ ಸಂಜೆ ದೀಪ ಹಚ್ಚಿ, ಕನ್ನಡಕ ಒರೆಸಿ, ಪದ್ಮಾಸನ ಹಾಕಿ ಓದಲು ಆರಂಭಿಸಿದೆ. ಮೊದಲ ಪುಟದಲ್ಲಿಯೇ ಏಳು ಜನ ಬಂದರು. ಎರಡನೆಯ ಪುಟದಲ್ಲಿ ಒಂಬತ್ತು ಜನ. ಅವರಲ್ಲಿ ಯಾರೂ ಒಬ್ಬರನ್ನೊಬ್ಬರು ಪರಿಚಯಿಸುವ ಶ್ರಮ ತೆಗೆದುಕೊಳ್ಳಲಿಲ್ಲ. ನಾನು ಕಾರಕೂನ, ಗಾಬರಿಯಾಗಲಿಲ್ಲ. ಒಂದು ಹಳೆಯ ದಫ್ತರದಲ್ಲಿ ಗೆರೆ ಹಾಕಿ ಹೆಸರುಗಳನ್ನು ದಾಖಲು ಮಾಡುತ್ತ ಹೋದೆ. ಎಂಬತ್ತನೆಯ ಪುಟಕ್ಕೆ ಬಂದಾಗ ಅರವತ್ತನಾಲ್ಕು ಜನರಾಗಿದ್ದರು! ಅವರಿರುವುದೋ ಒಂದೇ ಮನೆ. ಉಣ್ಣಲು ಕೂತಾಗ ಮಾತ್ರ ಹದಿನೇಳು ತಾಟುಗಳೇ ಇರುತ್ತಿದ್ದವು. ಉಳಿದವರು ಉಪವಾಸವೋ ಏನೋ ತಿಳಿಯಲಿಲ್ಲ.

ಇನ್ನೊಂದು ಕೌತುಕ. ಫಿಮಾ ಎಂಬ ತರುಣನೊಬ್ಬ ಕೋಣೆಯೊಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ಎರಡು ಸಾಲು ಕಳೆಯುವಷ್ಟರಲ್ಲಿ ಅದೇ ಕೋಣೆಯಲ್ಲಿ ಯೆಫಿಮ್ ಸವೇಲ್ಯೆವಿಚ್ ಎಂಬವನು ಕೆಮ್ಮುತ್ತಿದ್ದ. ಮತ್ತೆರಡು ಸಾಲಿಗೆ ದ್ರೊಜ್ದಿನ್ ಎಂಬವನು ಕುರ್ಚಿಯಿಂದ ಏಳುತ್ತಿದ್ದ. “ದ್ರೊಜ್ದಿನ್: ಬಾಗಿಲಿನಿಂದ ಬಂದಂತೆ ಕಾಣುವುದಿಲ್ಲ. ಚೌಕಶಿ ಆಗಬೇಕು” ಎಂದು ದಫ್ತರದಲ್ಲಿ ಷರಾ ಬರೆದೆ.

ನಾನು ತಲೆಗೆ ಕೈಹೊತ್ತು ಕೂತದ್ದನ್ನು ನೋಡಿ ನೀಲವ್ವ ಏನೆಂದು ಕೇಳಿದಳು. ಹೇಳಿದೆ. ಅವಳು ರೊಟ್ಟಿಯ ಹಿಟ್ಟು ನಾದುತ್ತಲೇ, “ಮೂರೂ ಮಂದಿ ಒಬ್ಬನೇ ಅದಾನ್ರಿ” ಎಂದಳು.

“ನೀ ಓದೀಯೇನು?”

“ಓದೂದ್ಯಾಕ? ಕಚೇರಿಯೊಳಗ ನಿಮ್ಮ ಹೆಸರ ಹೆಂಗ ಬರೀತಾರ? ಗುರುಪಾದಪ್ಪ ಚನ್ನಪ್ಪ ಹಿರೇಮನಿ. ಸಾಹೇಬ್ರು ಕರಿಯೂದು ಹಿರೇಮನಿ ಅಂತ. ಅತ್ತಿಯಾರು ಇದ್ದಾಗ ಗುರ್ಯಾ ಅಂತಿದ್ರು. ಹಂಗಾರ ನಾ ಮೂರ ಮಂದಿನ್ನ ಲಗ್ನ ಆಗೇನೇನು?”

ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ದಿನಕ್ಕೆ ನೂರು ಸಲ ಬರೆಯುವ ಕೈ ನನ್ನದು. ನಮ್ಮ ಸೀಮೆಯ ಪದ್ಧತಿಯೇ ರಶಿಯಾದ ಪದ್ಧತಿ ಎಂಬುದು ಮೂಡಲಗಿಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಕಲಿತವಳಿಗೆ ಹಿಟ್ಟು ನಾದುವಾಗ ಹೊಳೆಯಿತು. ಮೆಟ್ರಿಕ್ ಪಾಸಾದವನಿಗೆ ಎಂಬತ್ತು ಪುಟ ಓದಿದರೂ ಹೊಳೆಯಲಿಲ್ಲ! ದಫ್ತರ ತಿದ್ದಿದೆ. ಅರವತ್ತನಾಲ್ಕು ಜನ ಕರಗಿ ಹದಿನೇಳಾದರು. ತಾಟುಗಳ ಲೆಕ್ಕವೂ ಸರಿಹೋಯಿತು.

ಅಂದಿನಿಂದ ನಾನು ಇಂಗ್ಲಿಷಿನಲ್ಲಿ ಓದುತ್ತ ಅದನ್ನೇ ಕನ್ನಡದಲ್ಲಿ ಹೇಳುವುದು, ನೀಲವ್ವ ಕೇಳುವುದು ರೂಢಿಯಾಯಿತು. ಫಿಮಾ ಅವಳ ಬಾಯಲ್ಲಿ ಭೀಮಪ್ಪನಾದ. ಅವನನ್ನು ಮದುವೆಯಾಗಬೇಕಾದ ಗ್ಲಾಶಾ ಎಂಬ ಹುಡುಗಿ ಗುಲಾಬಿಯಾದಳು. ಪಕ್ಕದ ಮನೆಯ ಬಾಳವ್ವ ಎಂಬ ಮುದುಕಿ, ನಾವೆಲ್ಲ ಆಯಿ ಎಂದು ಕರೆಯುವವಳು, ಒಂದು ಸಂಜೆ ಮೊಸರಿಗೆ ಹೆಪ್ಪು ಕೇಳಲು ಬಂದು ಅಲ್ಲಿಯೇ ಕೂತಳು. ಮರುದಿನ ಹೆಪ್ಪು ಕೇಳದೆಯೇ ಕೂತಳು. ಮೂರನೆಯ ದಿನ ಓಣಿಯ ಐದಾರು ಹೆಣ್ಣುಮಕ್ಕಳನ್ನು ಕರೆತಂದಳು.

ಖರೆ ಹೇಳುತ್ತೇನೆ, ನನಗೂ ಅದರ ರುಚಿ ಹತ್ತಿತ್ತು. ಇನ್ನೂರು ಪುಟ ದಾಟಿದ ಮೇಲೆ ಆ ಜನ ಪುಸ್ತಕದವರಾಗಿ ಉಳಿಯಲಿಲ್ಲ, ನಮ್ಮ ಓಣಿಯವರೇ ಆದರು. ಕಚೇರಿಯಲ್ಲಿ ಕೂತು ಖಾತೆ ಬರೆಯುವಾಗಲೂ, ಗುಲಾಬಿಯ ಸೋದರತ್ತೆ ಇವತ್ತು ಏನು ಕಿರಿಕಿರಿ ತೆಗೆದಿರಬಹುದು ಎಂದು ಮನಸ್ಸು ಅಲ್ಲಿಗೆ ಓಡುತ್ತಿತ್ತು. ಸಣ್ಣ ಪುಸ್ತಕದಲ್ಲಿ ಅತಿಥಿಯಂತೆ ಹೋಗಿ ಬರುತ್ತೇವೆ; ಇದರಲ್ಲಿ ಸಂಸಾರವನ್ನೇ ಹೂಡಬಹುದು. ಅಲ್ಲಿಯ ಜನರು ತಾಸಿಗೊಮ್ಮೆ ಚಹಾ ಕುಡಿಯುತ್ತಿದ್ದರು, ಕುಡಿಯುತ್ತ ಸಂಬಂಧಿಕರನ್ನು ಬಯ್ಯುತ್ತಿದ್ದರು. “ನಮ್ಮಂಥಾ ಮಂದಿನಽ ಐತಿ” ಎಂದು ಬಾಳವ್ವಾಯಿ ಸಮಾಧಾನಪಟ್ಟಳು. ಹಿಮ ಎಂದರೇನೆಂದು ಹೇಳಲು ನಾನು ಒದ್ದಾಡುತ್ತಿದ್ದಾಗ, “ಪಿಂಜಾರ ಹತ್ತಿ ಹಿಂಜುಮುಂದ ಹಾರತೈತಲ್ಲ, ಹಂಗ ಅನ್ನು” ಎಂದು ಅವಳೇ ದಾರಿ ತೋರಿಸಿದಳು.

ಅಷ್ಟರಲ್ಲಿ ಶ್ರಾವಣ ಬಂದಿತು. ಪ್ರತಿ ಶ್ರಾವಣಕ್ಕೆ ನಮ್ಮ ಓಣಿಗೆ ಪುರಾಣ ಹೇಳಲು ಬರುತ್ತಿದ್ದ ಶಾಸ್ತ್ರಿಗಳು ಆ ವರ್ಷ ಕಾಲು ಮುರಿದುಕೊಂಡು ಊರಲ್ಲೇ ಮಲಗಿದ್ದರು. ಶ್ರಾವಣದಲ್ಲಿ ಪುರಾಣವಿಲ್ಲದೆ ಇರುವುದು ಹೇಗೆ?

“ಗುರಪ್ಪಾ, ನೀ ಹೇಳಾಕತ್ತೀದಿ ಅಲ್ಲೋ ತಮ್ಮಾ” ಎಂದಳು ಆಯಿ.

“ಆಯಿ, ಇದು ಪುರಾಣ ಅಲ್ಲ. ಕಾದಂಬರಿ.”

“ದಪ್ಪ ಐತಿಲ್ಲೋ?”

“ಐತಿ.”

“ದೂರದ ರಾಜ್ಯದ್ದು ಐತಿಲ್ಲೋ?”

“ಐತಿ.”

“ಮತ್ತ ಸುಮ್ಮ ಹೇಳ!”

ಮರುದಿನ ಕಚೇರಿಯಿಂದ ಬಂದು ನೋಡಿದರೆ, ನಮ್ಮ ಪಡಸಾಲೆಯಲ್ಲಿ ಮಣೆ ಹಾಕಿ, ಮೇಲೆ ಮಡಿಬಟ್ಟೆ ಹಾಸಿ, ಅದರ ಮೇಲೆ ವಕೀಲರ ಪುಸ್ತಕವನ್ನು ಕೂಡಿಸಿದ್ದರು. ರಟ್ಟಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಬಿಲ್ವಪತ್ರಿ! ಒರೆಸಲು ಹೋದರೆ ವಿಭೂತಿ ಇನ್ನಷ್ಟು ಹರಡಿತು. “ಅಳಿಸಬ್ಯಾಡೋ, ಪಾಪ ಬರತೈತಿ” ಎಂದು ಆಯಿ ಮತ್ತೊಮ್ಮೆ ಹಚ್ಚಿದಳು.

ಪುರಾಣವೆಂದ ಮೇಲೆ ಪುರಾಣದ ಕಟ್ಟುಕಟ್ಟಳೆಗಳೂ ಬಂದವು. ಒಂದಕ್ಷರ ಬಿಡುವಂತಿಲ್ಲ. ಒಂದು ಕಡೆ ಯಾರೋ ಮುದುಕ ಬೀಸುವ ಗಿರಣಿಯ ಚಕ್ರ ರಿಪೇರಿ ಮಾಡುವುದನ್ನು ಮೂವತ್ತು ಪುಟ ಬರೆದಿದ್ದರು. ನಾನು ಮೆಲ್ಲಗೆ ಒಟ್ಟಿಗೆ ನಾಲ್ಕು ಹಾಳೆ ತಿರುವಿದೆ. “ಹಿಂದಕ ಬಾ” ಎಂದಳು ಆಯಿ. ಹಿಂದಕ್ಕೆ ಬಂದೆ. ಮೂರು ಸಂಜೆ ಗಿರಣಿ ರಿಪೇರಿಯಾಯಿತು. ಚಕ್ರ ತಿರುಗಿದ ದಿನ ಎಲ್ಲರೂ “ಹರ ಹರ ಮಹಾದೇವ” ಎಂದರು.

ಮತ್ತೊಂದು ಕಡೆ ಇಬ್ಬರು ಫ್ರೆಂಚ್ ಭಾಷೆಯಲ್ಲಿ ಮಾತಾಡಿದರು. ಅದನ್ನು ಯಾರೂ ಇಂಗ್ಲಿಷಿಗೆ ತಂದಿರಲಿಲ್ಲ. ಇದು ಬೇರೆ ಭಾಷೆ, ನನಗೆ ಇದರ ಅರ್ಥವಾಗುವುದಿಲ್ಲ ಎಂದು ಒಪ್ಪಿಕೊಂಡೆ. “ಮಂತ್ರ ಇರಬೇಕು. ಕೈ ಮುಗೀರಿ” ಎಂದಳು ಆಯಿ. ಎಲ್ಲರೂ ಮುಗಿದರು. ನಾನೂ ಮುಗಿದೆ. ಒಬ್ಬ ಪೋಲಿ ಸರದಾರ ಕುಣಿಯುವವಳ ಕಿವಿಯಲ್ಲಿ ಆಡಿದ ಮಾತು ಅದು!

ಪುರಾಣದಲ್ಲಿ ಕೂಸು ಹುಟ್ಟಿದರೆ ಕೇಳುವವರು ತೊಟ್ಟಿಲು ಕಟ್ಟಬೇಕು. ನಮ್ಮ ಕಾದಂಬರಿಯಲ್ಲಿ ಗುಲಾಬಿಯ ಅಕ್ಕ ಹಡೆದಳು. ಓಣಿಯವರು ನಿಜವಾದ ತೊಟ್ಟಿಲು ತಂದು, ಕೂಸಿನ ಬದಲು ಪುಸ್ತಕವನ್ನೇ ಮಲಗಿಸಿ ತೂಗಿದರು. ಗುಗ್ಗರಿ ಹಂಚಿದರು. ತೂಕಕ್ಕೆ ತೊಟ್ಟಿಲಿನ ಒಂದು ಹಗ್ಗ ಹರಿಯಿತು.

ಇಷ್ಟೆಲ್ಲ ನಡೆದರೂ ನಾನು ಪುಸ್ತಕ ಮುಚ್ಚಿಡದೆ ಇದ್ದುದಕ್ಕೆ ಒಂದು ಕಾರಣವಿತ್ತು. ಅದು ಶಾಂತಾ, ನೀಲವ್ವನ ತಂಗಿ. ಹಿಂದಿನ ವರ್ಷ ಮೂಡಲಗಿಯಲ್ಲಿ ಅವಳ ಮದುವೆ ನಿಶ್ಚಯವಾಗುವುದಿತ್ತು. ಸಕ್ಕರೆ ಹಂಚುವ ಹೊತ್ತಿಗೆ ಗಾಳಿಗೆ ದೀಪ ಆರಿತು. ಶಕುನ ಸರಿಯಿಲ್ಲವೆಂದು ಗಂಡಿನ ಕಡೆಯವರು ಅರ್ಧಕ್ಕೇ ಎದ್ದುಹೋದರು. ಅಂದಿನಿಂದ ಹುಡುಗಿಯ ಮಾತು ಕಡಿಮೆಯಾಯಿತು, ಊರವರ ಮಾತು ಹೆಚ್ಚಾಯಿತು. ನೀಲವ್ವ ಅವಳನ್ನು ಕೆಲವು ದಿನ ನಮ್ಮಲ್ಲಿಗೆ ಕರೆತಂದಿದ್ದಳು. ಪುಸ್ತಕ ಕೇಳುತ್ತ ಕೇಳುತ್ತ ಅವಳು ಮತ್ತೆ ನಗತೊಡಗಿದಳು. ಗುಲಾಬಿಯ ಅತ್ತೆಯ ದನಿಯನ್ನು ಅಣಕಿಸಿ ನಮ್ಮನ್ನೂ ನಗಿಸುತ್ತಿದ್ದಳು. ನನಗೆ ಒಡಹುಟ್ಟಿದ ತಂಗಿಯರಿಲ್ಲ. ಆ ನಗು ಕೇಳಿದಾಗ ಸಾವಿರ ಪುಟವಲ್ಲ, ಎರಡು ಸಾವಿರವಾದರೂ ಓದೇನು ಅನ್ನಿಸುತ್ತಿತ್ತು.

ಐದುನೂರರ ಸುಮಾರಿಗೆ ಭೀಮಪ್ಪನಿಗೂ ಗುಲಾಬಿಗೂ ಮದುವೆ ನಿಶ್ಚಯವಾಯಿತು. ಹೆಂಗಸರಿಗೆ ಹಿಡಿಸಲಾರದ ಸಂತೋಷ. “ಲಗ್ನ ಎಂದ?” ಎಂದು ಆಯಿ ಕೇಳಿದಳು. ಮುಂದಿನ ಪುಟ ನಾನು ಓದಿರಲಿಲ್ಲ. ಅಂದಂದಿನದನ್ನು ಅಂದಂದೇ ಓದಿ ಹೇಳುವವನು ನಾನು. ಆದರೆ ಅಚ್ಚಾದ ಪುಸ್ತಕದಲ್ಲಿ ನಿಶ್ಚಯವಾದ ಮದುವೆ ತಪ್ಪೀತೇ? ಪಂಚಾಂಗ ನೋಡಿದವನಂತೆ ಕಣ್ಣು ಮುಚ್ಚಿ ತೆರೆದು, “ಬರೂ ಶ್ರಾವಣ ಸೋಮವಾರ!” ಎಂದು ಘೋಷಿಸಿಬಿಟ್ಟೆ.

ಲಗ್ನದ ದಿನದವರೆಗೆ ಓದು ನಿಲ್ಲಿಸಿ, ಮರುದಿನವೇ ಅಂಗಳದಲ್ಲಿ ಹಂದರ ಹಾಕಿದರು. ಎಲ್ಲರ ಮನೆಯಲ್ಲೂ ಹೋಳಿಗೆಗೆ ಕಡಲೆಬೇಳೆ ಅಳೆದರು. ಯಾರೋ ಬಾಸಿಂಗ ಕೂಡ ಕಟ್ಟಿಸಿದರು.

ಶನಿವಾರ ಮೂಡಲಗಿಯಿಂದ ಮಾವನವರ ಕಾರ್ಡು ಬಂದಿತು. “ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದ. ತಮ್ಮಲ್ಲಿ ಸೋಮವಾರ ಪುರಾಣದ ಲಗ್ನವಿರುವ ಸಮಾಚಾರ ತಿಳಿದು ಆನಂದವಾಯಿತು. ಶಾಂತಾಳಿಗೆ ಗೋಕಾಕದ ಒಂದು ಗಂಡಿನ ಸ್ಥಳ ಕೂಡಿ ಬಂದಿರುತ್ತದೆ. ಹುಡುಗನ ತಾಯಿ ಶಕುನ ಬಹಳ ನೋಡುವವರು. ಪುರಾಣದ ಲಗ್ನದ ಅಕ್ಕಿಕಾಳು ಬಿದ್ದ ಮುಹೂರ್ತಕ್ಕೇ ಸಕ್ಕರೆ ಹಂಚಿದರೆ ಬಹಳ ಶುಭವೆಂದು ಅವರ ಅಭಿಪ್ರಾಯ. ಎಲ್ಲರೂ ಕೂಡಿ ಬರುತ್ತೇವೆ. ಹುಡುಗನ ಕಾಕಾ ಅಲ್ಲಿಯ ವಕೀಲರು. ತಮ್ಮ ಗುರ್ತಿನವರಂತೆ.”

ಕಾರ್ಡನ್ನು ಎರಡು ಸಲ ಓದಿದೆ. ವಕೀಲರು! ಅವರ ಪುಸ್ತಕಕ್ಕೆ ಒಂದು ಬೆರಳು ದಪ್ಪ ವಿಭೂತಿ ಹಚ್ಚಿದ್ದೇವೆ. ಅದಿರಲಿ ಎಂದು ಧೈರ್ಯ ತಂದುಕೊಂಡು, ಸೋಮವಾರ ತಡವರಿಸಬಾರದೆಂದು ಭಾನುವಾರ ಮುಂಜಾನೆ ಮದುವೆಯ ಭಾಗವನ್ನು ಮುಂಚಿತವಾಗಿ ಓದಲು ಕೂತೆ. ಇದೊಂದು ಬುದ್ಧಿವಂತಿಕೆಯ ಕೆಲಸವನ್ನು ನಾನು ಎಂಟು ದಿನ ಮೊದಲೇ ಮಾಡಬೇಕಾಗಿತ್ತು.

ಮದುವೆಯ ದಿನ ಬೆಳಗಾಯಿತು. ಹಿಮ ಬೀಳುತ್ತಿತ್ತು. ಭೀಮಪ್ಪ ಹೊಸ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತ. ನಿಂತವನು ವಿಚಾರ ಮಾಡತೊಡಗಿದ. ಜೀವನವೆಂದರೇನು ಎಂದು ವಿಚಾರ ಮಾಡಿದ. ದೇವರಿದ್ದಾನೆಯೇ ಎಂದು ವಿಚಾರ ಮಾಡಿದ. ಒಂದಲ್ಲ ಎರಡಲ್ಲ, ನಲವತ್ತು ಪುಟ ವಿಚಾರ ಮಾಡಿದ! ಹಂದರದಲ್ಲಿ ಮಂದಿ ಕಾಯುತ್ತಿರುವಾಗ ಒಬ್ಬ ಮನುಷ್ಯ ಇಷ್ಟು ವಿಚಾರ ಮಾಡಬಹುದೇ? ಕಡೆಗೆ ಹಿತ್ತಲ ಬಾಗಿಲಿನಿಂದ ಇಳಿದು, ಗಾಡಿ ಹೂಡಿಸಿ, ಊರು ಬಿಟ್ಟು ಹೋದ!

ಪುಸ್ತಕ ನನ್ನ ಕೈಯಿಂದ ಜಾರಿ ಕಾಲ ಮೇಲೆ ಬಿದ್ದಿತು. ಆ ನೋವು ನನಗೆ ಸಂಜೆಯವರೆಗೆ ಗೊತ್ತಾಗಲಿಲ್ಲ.

ದೀಪ ಆರಿದ್ದಕ್ಕೇ ಒಂದು ಸಂಬಂಧ ಮುರಿದಿತ್ತು. ಇಲ್ಲಿ ವರನೇ ಓಡಿಹೋದರೆ? ಹುಡುಗನ ತಾಯಿ ಹಂದರ ದಾಟಿ ಘಟಪ್ರಭಾ ಮುಟ್ಟುವವರೆಗೆ ನಿಲ್ಲುತ್ತಿರಲಿಲ್ಲ. ಎರಡನೆಯ ಸಲವೂ ಹೀಗಾದರೆ ಶಾಂತಾಳನ್ನು ಕೇಳಿಕೊಂಡು ಯಾರು ಬಂದಾರು? ಅದೂ ಯಾರ ದೆಸೆಯಿಂದ? ಸೋಮವಾರ ಎಂದು ಕಣ್ಣು ಮುಚ್ಚಿ ಘೋಷಿಸಿದ ಈ ಭಾವನ ದೆಸೆಯಿಂದ!

ಮುಂದೆ ಹಾಕಿಸುವುದೊಂದೇ ದಾರಿ ಎಂದು ಬಾಳವ್ವಾಯಿಯ ಮನೆಗೆ ಹೋದೆ.

“ಆಯಿ, ಭೀಮಪ್ಪಗ ಜ್ವರಾ ಬಂದಾವು. ಲಗ್ನ ಮುಂದಿನ ತಿಂಗಳಿಗೆ ಇಟ್ಟಾರ.”

“ಜ್ವರದಾಗ ಲಗ್ನ ಆದವ್ರು ಇಲ್ಲೇನು? ನಮ್ಮ ಮನಿಯವರು ಕಂಬಳಿ ಹೊದ್ದುಕೊಂಡ ತಾಳಿ ಕಟ್ಟಿದ್ರು. ಹೋಗ, ಬ್ಯಾಳಿ ಬೇಯಿಸಾಕ ಇಟ್ಟೇನಿ” ಎಂದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ದನಿಯೇ ಹೋಗಿದೆಯೆಂದು ನಟಿಸಿದೆ. ಸನ್ನೆಯಿಂದ ಗಂಟಲು ತೋರಿಸಿದೆ. ಐದು ನಿಮಿಷದಲ್ಲಿ ಆಯಿ ಮೆಣಸು, ಶುಂಠಿ, ಇನ್ನೇನೇನೋ ಕುದಿಸಿದ ಕಷಾಯ ತಂದಳು. ನೀಲವ್ವ ಕೈ ಹಿಡಿದಳು, ಶಾಂತಾ ತಲೆ ಹಿಡಿದಳು, ಆಯಿ ಹೊಯ್ದಳು. “ಸತ್ನ್ಯೋ!” ಎಂದು ನಾನು ಕೂಗಿದ್ದು ಸಂತೆಪೇಟೆಯವರೆಗೆ ಕೇಳಿಸಿತಂತೆ. “ಬಂತು ನೋಡ ದನಿ” ಎಂದು ಆಯಿ ಬಟ್ಟಲು ತೊಳೆದುಕೊಂಡು ಹೋದಳು.

ಸೋಮವಾರ ಬಂದೇ ಬಂದಿತು. ಕಚೇರಿಗೆ ರಜೆ ಹಾಕಿದೆ. ಮಾವನವರು ಬಂದರು. ಹುಡುಗ ಬಂದ, ದುಂಡು ಮುಖದ, ಸಂಕೋಚದ ಹುಡುಗ. ಅವನ ತಾಯಿ ಬಂದರು. ಬಂದವರೇ ಹಲ್ಲಿ ಲೊಚಗುಟ್ಟುತ್ತದೆಯೇ ಎಂದು ಕಿವಿಗೊಟ್ಟು ಕೂತರು. ಎಲ್ಲರ ಹಿಂದೆ ವಕೀಲರು ಬಂದು, ವಿಭೂತಿ ಬಳಿದುಕೊಂಡು, ಹೊಸ ಖಣ ಹೊದ್ದು, ಬಾಸಿಂಗ ಕಟ್ಟಿಸಿಕೊಂಡು ಮಣೆಯ ಮೇಲೆ ಕೂತ ತಮ್ಮ ಪುಸ್ತಕವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಎದುರಿಗೇ ಕೂತರು.

ನಾನು ಓದತೊಡಗಿದೆ. ಮೊದಲು ಇದ್ದುದನ್ನು ಇದ್ದ ಹಾಗೆಯೇ ಹೇಳುವ ವಿಚಾರವಿತ್ತು. ಪುಸ್ತಕ ಓದಿದ ವಕೀಲರ ಮುಂದೆ ಸುಳ್ಳು ಹೇಳುವುದಾದರೂ ಹೇಗೆ? “ಭೀಮಪ್ಪ ಹೊಸ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತ” ಎಂದೆ. “ವಿಚಾರ ಮಾಡತೊಡಗಿದ” ಎಂದೆ. ತಲೆಯೆತ್ತಿ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಶಾಂತಾ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ ನಿಂತಿದ್ದಳು.

“ವಿಚಾರ ಮಾಡಿದ” ಎಂದೆ. “ಎರಡು ನಿಮಿಷ. ಎರಡೇ ನಿಮಿಷ! ಆಮೇಲೆ, ಇದೆಂಥಾ ಹುಚ್ಚು, ಗುಲಾಬಿಯಂಥಾ ಹುಡುಗಿ ಏಳು ಜನ್ಮಕ್ಕೂ ಸಿಗಲಿಕ್ಕಿಲ್ಲ ಎಂದು ದಡದಡ ಮೆಟ್ಟಿಲಿಳಿದು ಬಂದ!”

ಅಲ್ಲಿಂದ ನನಗೆ ಏನಾಯಿತೋ ತಿಳಿಯದು. ಬಾಯಿಗೆ ಬಂದಂತೆ ಹೇಳಿದೆ. ರಶಿಯಾದಲ್ಲಿ ವಾಲಗ ಊದಿಸಿದೆ. ಹಿಮದ ಮೇಲೆ ರಂಗೋಲಿ ಹಾಕಿಸಿದೆ. ತುಪ್ಪಳದ ಟೊಪ್ಪಿಗೆಯ ಮೇಲೆ ಬಾಸಿಂಗ ಕಟ್ಟಿಸಿ ಭೀಮಪ್ಪನನ್ನು ಕುದುರೆ ಹತ್ತಿಸಿದೆ. ಸಾರಿಗೆ ಉಪ್ಪು ಕಡಿಮೆಯೆಂದು ಬೀಗರನ್ನು ಮುನಿಸಿಕೊಳ್ಳಲು ಹಚ್ಚಿದೆ. ಗುಲಾಬಿಯ ಅತ್ತೆಯಿಂದಲೇ ಅವರನ್ನು ರಮಿಸಿದೆ. ಕಡೆಗೆ ಗಂಟಲೆತ್ತಿ, “ತಾಳಿ ಕಟ್ಟಿದ! ಅಕ್ಕಿಕಾಳು ಹಾಕ್ರಿ!” ಎಂದೆ.

“ತಡೀರಿ!” ಎಂದರು ವಕೀಲರು.

ಎತ್ತಿದ ಕೈಗಳೆಲ್ಲ ನಿಂತವು. ಹುಡುಗನ ತಾಯಿ ತಿರುಗಿ ನೋಡಿದರು. ಮಾವನವರ ಮುಖ ಬಿಳಿಚಿತು. ಮುಗಿಯಿತು, ಎರಡು ಊರಿನ ಬೀಗರ ಮುಂದೆ ನನ್ನ ಮಾನ ಹೋಯಿತು, ಅದರ ಹಿಂದೆ ಶಾಂತಾಳ ಸಂಬಂಧವೂ ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ.

“ನನ್ನ ಕೈಯಾಗ ಅಕ್ಕಿಕಾಳಽ ಇಲ್ಲ. ಯಾರರ ಕೊಡ್ರಿ” ಎಂದರು ವಕೀಲರು.

ಕೊಟ್ಟರು. ಅಕ್ಕಿಕಾಳು ಬಿದ್ದವು. ಅದೇ ಮುಹೂರ್ತಕ್ಕೆ ಸಕ್ಕರೆ ಹಂಚಿದರು. ಹುಡುಗನ ತಾಯಿ ತಾವೇ ಎದ್ದು ಬಂದು ಶಾಂತಾಳ ಉಡಿ ತುಂಬಿದರು. ನೀಲವ್ವ ಕಂಬಕ್ಕೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ನನಗೂ ಒರೆಸಿಕೊಳ್ಳುವ ಹಾಗಾಯಿತು. ಕಣ್ಣಿಗೆ ಅಕ್ಕಿಕಾಳು ಬಿದ್ದಿದೆ ಎಂದೆ.

ಊಟವಾಗಿ ಹಿತ್ತಲಲ್ಲಿ ಕೈ ತೊಳೆಯುವಾಗ ವಕೀಲರು ನನ್ನ ಬಾಜೂ ಬಂದು ನಿಂತರು. ತಗ್ಗಿದ ದನಿಯಲ್ಲಿ, “ಅಂವ ಗಾಡಿ ಹತ್ತಿ ಓಡಿ ಹೋಗ್ತಾನಲ್ರಿ?” ಎಂದರು.

“ಕ್ಷಮಾ ಮಾಡ್ರಿ...” ಎಂದು ತೊದಲಿದೆ.

“ಕ್ಷಮಾ ಯಾಕ? ಆ ಪುಟಕ್ಕ ಬಂದಾಗ ನನಗ ಎಷ್ಟ ಸಿಟ್ಟ ಬಂದಿತ್ತಂದ್ರ, ಪುಸ್ತಕಾ ಮುಚ್ಚಿ ಕಪಾಟಿನ್ಯಾಗ ಮಲಗಿಸಿದಾವ ಮತ್ತ ತಗಿಲಿಲ್ಲ. ಇವತ್ತ ಜೀವಕ್ಕ ತಂಪಾತು ನೋಡ್ರಿ. ಛಲೋ ಕಟ್ಟಿ ಹಾಕಿದ್ರಿ ಅವನ್ನ!”

ನನಗೆ ಆನೆಯ ಬಲ ಬಂದಿತು. ಗುಟ್ಟು ಗೊತ್ತಿದ್ದವರು ಅವರೊಬ್ಬರೇ; ಅವರೂ ನನ್ನ ಕಡೆಗೇ ಇದ್ದರು. ಇಡೀ ಸಭೆಯನ್ನು ಒಂದು ಅಂಕೆಯಲ್ಲಿ ಹಿಡಿದು, ಯಾರಿಗೂ ಸುಳಿವು ಹತ್ತದಂತೆ ಒಂದು ಸಂಬಂಧ ಉಳಿಸಿದ ಚತುರ ನಾನು! ಎದೆಯುಬ್ಬಿಸಿ ಒಳಗೆ ಬಂದೆ. ಶಾಂತಾ ನನಗೆ ತಾಂಬೂಲ ತಂದುಕೊಟ್ಟಳು.

“ಭಾವಾರ, ಒಂದ ಮಾತ ಕೇಳ್ಲೇನ್ರಿ?”

“ಕೇಳವಾ.”

“ಅಂವ ಬರಲಿಲ್ಲ, ಹೌದಲ್ರಿ?”

ಎಲೆ ನನ್ನ ಕೈಯಲ್ಲೇ ಉಳಿಯಿತು. “ಯಾರು... ಯಾರು ಹೇಳಿದ್ರು?”

“ನೀವಽ ಹೇಳಿದ್ರಿ. ದಿನಾ ಒಂದ ಮಾತ ಹೇಳಿ, ಹುಬ್ಬ ಗಂಟ ಹಾಕಿ, ತಲಿ ಕೆರಕೊಂಡ, ಮತ್ತ ಒಂದ ಮಾತ ಹೇಳ್ತಿದ್ರಿ. ಇವತ್ತ ಹೊಳಿ ಹರದಂಗ ಹರದ್ರಿ. ಒಂದ ತಾಸಾದ್ರೂ ಹಾಳಿ ತಿರುವಲಿಲ್ಲ. ಕುಂತ ಹೆಣ್ಮಕ್ಕಳಿಗೆಲ್ಲಾ ಗೊತ್ತಾತ್ರಿ. ಅಕ್ಕಗಂತೂ ಮೆಟ್ಟಲಾ ಇಳಿಯುಮುಂದನಽ ಗೊತ್ತಾತು.”

“ನಿನಗ ಅಂಜಿಕಿ ಬರಲಿಲ್ಲೇನು?”

“ಅಂಜಿಕಿ ಯಾಕ್ರಿ? ಓಡಿ ಹೋದಾವ ಪುಸ್ತಕದಾಗ ಇದ್ದ. ಇಂವ ಇಲ್ಲೆ ಕುಂತ ಐದನೇ ಹೋಳಿಗಿ ತಿನ್ನಾಕತ್ತಾನ!” ಎಂದು ಬಾಯಿಗೆ ಸೆರಗು ಹಿಡಿದು ನಗುತ್ತ ಒಳಗೆ ಓಡಿದಳು.

ಸಂಜೆ ಬಾಳವ್ವಾಯಿ ಪುಸ್ತಕಕ್ಕೆ ಮಂಗಳಾರತಿ ಎತ್ತಿ, ಖಣದಲ್ಲಿ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು. ಲಗ್ನಕ್ಕೆ ಪುರಾಣ ಮುಗಿಯಿತಂತೆ. ಮಂಗಳವಾದ ಪುಸ್ತಕವನ್ನು ಮತ್ತೆ ಬಿಚ್ಚಬಾರದಂತೆ.

“ಆಯಿ, ಇನ್ನೂ ಅರ್ಧಾ ಪುಸ್ತಕ ಐತಿ. ಮುಂದೇನಾತು ಅಂತ ನನಗೂ ನೋಡಬೇಕಾಗೇತಿ” ಎಂದು ಅಂಗಲಾಚಿದೆ.

“ಸುಮ್ಮ ಕುಂಡ್ರ. ಬಿಚ್ಚಿದ್ರ ಅಂವ ಮತ್ತ ಓಡಿ ಹೋಗ್ತಾನ” ಎಂದಳು.

ಗಂಟನ್ನು ಹಾಗೆಯೇ ವಕೀಲರಿಗೆ ಒಪ್ಪಿಸಿದೆ. ಅವರೂ ಬಿಚ್ಚಲಿಲ್ಲ. ಶಾಂತಾ ಗೋಕಾಕದಲ್ಲಿ ಸುಖವಾಗಿದ್ದಾಳೆ. ರಶಿಯಾದ ಗುಲಾಬಿಯ ಗತಿ ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಓದಿದ ಜನರು ಯಾರಾದರೂ ಸಿಕ್ಕು, ನೀವು ಆ ಕಾದಂಬರಿ ಓದಿದ್ದೀರಾ ಎಂದು ಕೇಳಿದರೆ ನಾನು ಉದ್ದ ಮಾತಿಗೆ ಹೋಗುವುದಿಲ್ಲ. “ಪೂರ್ತಿ ಓದಿಲ್ರಿ. ಆದ್ರ ಅದರಾಗ ಒಂದ ಮದವಿ ಮಾಡಿಸೇನಿ” ಎಂದು ಒಪ್ಪಿಕೊಂಡುಬಿಡುತ್ತೇನೆ.